ಗ್ರೀನ್‌ಬ್ರಯರ್: ಹೋಟೆಲೊಂದು ಸೇನಾ ಆಸ್ಪತ್ರೆಯಾದ ಪ್ರಕರಣ

2021ರ ಮೇ ತಿಂಗಳಲ್ಲಿ, ತೀರ್ಥಹಳ್ಳಿಯ ಹೊರಗೆ ನಾನು ನೋಡಿಕೊಳ್ಳುತ್ತಿರುವ ಲಾಡ್ಜು ಐದು ವಾರಗಳ ಮಟ್ಟಿಗೆ ಕೋವಿಡ್ ಆರೈಕೆ ಕೇಂದ್ರವಾಗಿತ್ತು. ಇಪ್ಪತ್ತೆಂಟು ಕೋಣೆ, ಎರಡು ಮಹಡಿ, ಒಂದು ಲಿಫ್ಟು. ಮೂರನೆಯ ರಾತ್ರಿ ಮೇಲಿನ ಮಹಡಿಯಲ್ಲಿದ್ದ ಹಿರಿಯರೊಬ್ಬರಿಗೆ ಉಸಿರು ಕಟ್ಟತೊಡಗಿತು. ಆಂಬ್ಯುಲೆನ್ಸ್ ಬೇಗನೆ ಬಂತು. ಸ್ಟ್ರೆಚರ್ ಮೇಲೆ ಹೋಯಿತು, ಮೆಟ್ಟಿಲಿನಿಂದ. ಅವರನ್ನು ಮಲಗಿಸಿಕೊಂಡು ಲಿಫ್ಟಿನ ಮುಂದೆ ತಂದರೆ ಅದು ಒಳಗೆ ಹಿಡಿಯಲಿಲ್ಲ. ಓರೆ ಮಾಡಿದರು, ತಲೆಯ ಭಾಗ ಎತ್ತಿದರು, ಇನ್ನೂ ಒಂದು ಗೇಣು ಹೊರಗೇ ಉಳಿಯಿತು. ಕೊನೆಗೆ ಊಟದ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹಿಡಿದು ಇಳಿಸಿದೆವು. ಅವರು ಗುಣವಾಗಿ ಬಂದರು. ಈಗಲೂ ಪೇಟೆಗೆ ಬಂದಾಗ ನಮ್ಮಲ್ಲಿ ಚಹಾ ಕುಡಿದು, "ಕುರ್ಚಿ ಚೆನ್ನಾಗಿದೆಯೇ ಮಾರಾಯರೇ?" ಎಂದು ವಿಚಾರಿಸಿಯೇ ಹೋಗುತ್ತಾರೆ.

ಲಿಫ್ಟಿನದು ಒಂದು ರಾತ್ರಿಯ ಕಥೆ. ಬೆಡ್‌ಶೀಟಿನದು ದಿನನಿತ್ಯದ್ದು. ಬಟ್ಟೆ ಒಯ್ಯುತ್ತಿದ್ದವರು ಐದನೆಯ ದಿನ ಬರುವುದನ್ನೇ ನಿಲ್ಲಿಸಿದರು. ಅವರನ್ನು ದೂರುವಂತಿರಲಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದರು. ಹಿತ್ತಲಿನ ಹಳೆಯ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ, ಎರಡು ತಾಮ್ರದ ಹಂಡೆಗಳಲ್ಲಿ ಬೆಡ್‌ಶೀಟು, ದಿಂಬಿನ ಚೀಲ, ಟವೆಲು ಎಲ್ಲವನ್ನೂ ಕುದಿಸಿದೆವು. ಒಗೆಯುವುದೇನೋ ಆಯಿತು. ಜೂನ್ ಹಿಡಿದ ಮೇಲೆ ಒಣಗಿಸುವುದು ಎಲ್ಲಿ? ಊಟದ ಕೋಣೆಯಲ್ಲಿ ಉದ್ದಕ್ಕೂ ಹಗ್ಗ ಕಟ್ಟಿ, ಎಲ್ಲ ಫ್ಯಾನು ತಿರುಗಿಸಿ, ಸಾಲದಾದಾಗ ಬಚ್ಚಲೊಲೆಯ ಮೇಲೆಯೇ ಹರವಿದೆವು. ಹೊದಿಕೆಗೆಲ್ಲ ಹೊಗೆ ಅಡರಿತು. ಒಂದು ಬೆಳಿಗ್ಗೆ ಹನ್ನೆರಡನೆಯ ಕೋಣೆಯ ಹುಡುಗ, "ಬೆಡ್‌ಶೀಟು ಹೊಗೆ ನಾರುತ್ತಿದೆ" ಎಂದು ಬಾಗಿಲಿನಿಂದ ಕೂಗಿದ. ನಮ್ಮ ಆಶಾ ಕಾರ್ಯಕರ್ತೆ ಚಪ್ಪಾಳೆ ತಟ್ಟಿದರು. ಅವನ ಮೂಗಿಗೆ ವಾಸನೆ ಮರಳಿತ್ತು.

ಇತ್ತೀಚೆಗೆ ಹೋಟೆಲ್ ನಿರ್ವಹಣೆ ಓದುವ ಕೆಲವು ಮಕ್ಕಳಿಗೆ ಒಂದು ಪ್ರಕರಣವನ್ನು ವಿವರವಾಗಿ ಹೇಳಬೇಕಾಗಿ ಬಂದಾಗ ನಾನು ನಮ್ಮ ಲಾಡ್ಜಿನದನ್ನು ಆರಿಸಲಿಲ್ಲ, ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಹೋಟೆಲನ್ನು ಆರಿಸಿದೆ. ನಮ್ಮದು ಎಡವಿದ ಜಾಗಗಳಲ್ಲೆಲ್ಲ ಅದು ಎಡವದೆ ನಡೆದಿದೆ. "ಮಂಚ ಇದೆ, ಕೋಣೆ ಇದೆ, ಆಸ್ಪತ್ರೆ ಮಾಡಲು ಇನ್ನೇನು ಬೇಕು?" ಎಂದು ನನ್ನನ್ನು ಕೇಳಿದವರು ಬಹಳ. ಆ ಪ್ರಶ್ನೆಗೆ ಉತ್ತರ ಈ ಪ್ರಕರಣದ ಹೊಟ್ಟೆಯಲ್ಲಿದೆ.

ಗಂಧಕದ ನೀರು

ಆ ಊರಿನ ಹೆಸರು ವೈಟ್ ಸಲ್ಫರ್ ಸ್ಪ್ರಿಂಗ್ಸ್. ಅಲೆಗೆನಿ ಬೆಟ್ಟಸಾಲಿನ ನಡುವೆ, ಹೆಚ್ಚುಕಡಿಮೆ ನಮ್ಮ ಶಿವಮೊಗ್ಗದಷ್ಟೇ ಎತ್ತರದಲ್ಲಿದೆ. ನೆಲದಿಂದ ಗಂಧಕ ಬೆರೆತ ನೀರು ಉಕ್ಕುತ್ತದೆ, ಬೆಂದ ಮೊಟ್ಟೆಯ ವಾಸನೆಯದು. 1778ರಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರನ್ನು ಅಲ್ಲಿಗೆ ಹೊತ್ತು ತಂದು ಸ್ನಾನ ಮಾಡಿಸಿದರೆಂದೂ ಅವರ ನೋವು ಇಳಿಯಿತೆಂದೂ ಆ ಊರಿನವರು ಹೇಳಿಕೊಂಡು ಬಂದಿದ್ದಾರೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ತುಂಗೆಯಲ್ಲಿ ಮುಳುಗುವವರನ್ನು ವರ್ಷವೂ ಕಾಣುವ ನನಗೆ ಇದರಲ್ಲಿ ವಿಚಿತ್ರವೇನೂ ತೋರಲಿಲ್ಲ. ನಾವು ಪಾಪ ತೊಳೆಯಲು ಹೋಗುತ್ತೇವೆ, ಅವರು ಮಂಡಿನೋವು ತೊಳೆಯಲು ಹೋದರು. ಎರಡು ಕಡೆಯೂ ನೀರಿನ ಸುತ್ತ ಛತ್ರ, ಅಂಗಡಿ, ಸಂತೆ ಬೆಳೆಯುತ್ತವೆ.

1858ರಲ್ಲಿ ಅಲ್ಲಿ ದೊಡ್ಡ ಹೋಟೆಲು ಎದ್ದಿತು. ಜನ ಅದನ್ನು 'ಓಲ್ಡ್ ವೈಟ್' ಎಂದು ಕರೆದರು. ದಕ್ಷಿಣದ ತೋಟಗಳ ಒಡೆಯರು ಬೇಸಿಗೆಯ ಸೆಕೆಯಿಂದ ತಪ್ಪಿಸಿಕೊಳ್ಳಲು ಸಂಸಾರ ಸಮೇತ ಬರುತ್ತಿದ್ದ ಕಾಲ ಅದು. ಅವರ ಗುಲಾಮರೂ ಜೊತೆಗೆ ಬರುತ್ತಿದ್ದರು, ಬೀಸಣಿಗೆ ಬೀಸಲು. ಮೂರೇ ವರ್ಷಕ್ಕೆ ಅಂತರ್ಯುದ್ಧ ಹತ್ತಿಕೊಂಡಿತು. ಹೋಟೆಲು ಮುಚ್ಚಿತು. ಆ ಪ್ರದೇಶ ಒಮ್ಮೆ ಒಂದು ಪಡೆಯ ಕೈಗೆ, ಇನ್ನೊಮ್ಮೆ ಇನ್ನೊಂದರ ಕೈಗೆ ಹೋಗುತ್ತಿದ್ದಂತೆ ಕಟ್ಟಡ ದಂಡಿನ ಠಾಣ್ಯವೂ ಆಯಿತು, ಆಸ್ಪತ್ರೆಯೂ ಆಯಿತು. ಆ ಜಾಗ ಆಸ್ಪತ್ರೆಯಾದದ್ದು ಅದೇ ಮೊದಲು.

1910ರಲ್ಲಿ ಚೆಸಪೀಕ್ ಆಂಡ್ ಓಹಾಯೊ ರೈಲ್ವೆ ಕಂಪನಿ ಇಡೀ ಜಾಗವನ್ನು ಕೊಂಡಿತು. 1913ರಲ್ಲಿ ಈಗಿನ ಗ್ರೀನ್‌ಬ್ರಯರ್ ತೆರೆಯಿತು, 250 ಕೋಣೆಗಳೊಂದಿಗೆ. ಬೆಂಕಿಯ ಭಯಕ್ಕೆ ಹಳೆಯ ಮರದ ಹೋಟೆಲನ್ನು 1922ರಲ್ಲಿ ಕೆಡವಿದರು. 1930ರ ಹೊತ್ತಿಗೆ ಹೊಸ ಕಟ್ಟಡ ಇನ್ನಷ್ಟು ಹಿಗ್ಗಿತು. ಮಾಲೀಕರು ರೈಲಿನವರು ಎಂಬುದು ಇಲ್ಲಿ ಮುಖ್ಯ. ಹೋಟೆಲಿನ ಹೆಬ್ಬಾಗಿಲಿನ ಎದುರಿಗೇ ರೈಲು ನಿಲ್ದಾಣ. ರಾತ್ರಿ ವಾಷಿಂಗ್ಟನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹತ್ತಿ ಮಲಗಿದವರು ಬೆಳಿಗ್ಗೆ ಇಳಿದು ರಸ್ತೆ ದಾಟಿದರೆ ಸಾಕು. ಶ್ರೀಮಂತರ ಸುಖಕ್ಕೆಂದು ಹಾಕಿದ ಈ ಏರ್ಪಾಡಿನ ಫಲ ಮೂವತ್ತು ವರ್ಷಗಳ ಬಳಿಕ ಗಾಯಾಳುಗಳಿಗೆ ಸಿಕ್ಕಿತು.

ಕಾವಲಿನ ಅತಿಥಿಗಳು

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿಯಾಗಿ ಅಮೆರಿಕ ಎರಡನೆಯ ಮಹಾಯುದ್ಧಕ್ಕಿಳಿದಾಗ ವಾಷಿಂಗ್ಟನ್ನಿನಲ್ಲಿ ಒಂದು ವಿಚಿತ್ರ ತಾಪತ್ರಯ ಎದುರಾಯಿತು: ಶತ್ರು ದೇಶಗಳ ರಾಯಭಾರಿಗಳು, ಅವರ ಹೆಂಡಿರು ಮಕ್ಕಳು, ಗುಮಾಸ್ತರು. ಸೆರೆಮನೆಗೆ ಹಾಕುವಂತಿಲ್ಲ, ಪೇಟೆಯಲ್ಲಿ ತಿರುಗಲು ಬಿಡುವಂತಿಲ್ಲ. ಅಮೆರಿಕದ ರಾಯಭಾರಿಗಳೂ ಆ ದೇಶಗಳಲ್ಲಿ ಸಿಕ್ಕಿಕೊಂಡಿದ್ದರಿಂದ ಇವರನ್ನು ಚೆನ್ನಾಗಿ ನೋಡಿಕೊಂಡರೆ ಅವರನ್ನೂ ಚೆನ್ನಾಗಿ ನೋಡಿಕೊಂಡಾರು ಎಂಬ ಲೆಕ್ಕಾಚಾರ. ಕಾಡಿನ ನಡುವಿನ, ಕಾವಲಿಗೆ ಸುಲಭವಾದ ಐಷಾರಾಮಿ ಹೋಟೆಲು ಬೇಕಿತ್ತು. ಸರಕಾರ ಗ್ರೀನ್‌ಬ್ರಯರನ್ನು ಬಾಡಿಗೆಗೆ ಹಿಡಿಯಿತು.

ಏಳು ತಿಂಗಳು ಜರ್ಮನರು, ಇಟಲಿಯವರು, ಹಂಗೇರಿಯವರು, ಬಲ್ಗೇರಿಯದವರು ಅಲ್ಲಿದ್ದರು. ಬೇರೆ ಹೋಟೆಲಿನಲ್ಲಿದ್ದ ಜಪಾನೀಯರೂ ಆಮೇಲೆ ಬಂದು ಸೇರಿದರು. ಜರ್ಮನರಿಗೂ ಜಪಾನೀಯರಿಗೂ ಸರಿಹೋಗಲಿಲ್ಲವಂತೆ, ಯುದ್ಧದಲ್ಲಿ ಒಂದೇ ಬಣದ ಮಿತ್ರರಾದರೇನು, ಊಟದ ಮನೆಯಲ್ಲಿ ಮಿತ್ರತ್ವ ನಡೆಯುವುದಿಲ್ಲ. ಹೋಟೆಲಿನ ಸಿಬ್ಬಂದಿ ಎಂದಿನಂತೆ ಬಡಿಸಿದರು, ಹಾಸಿಗೆ ಹಾಸಿದರು. 1942ರ ಬೇಸಿಗೆಯಲ್ಲಿ ಸ್ವೀಡನ್ನಿನ ಹಡಗುಗಳಲ್ಲಿ ಅವರನ್ನೆಲ್ಲ ಅಮೆರಿಕದ ರಾಯಭಾರಿಗಳಿಗೆ ಬದಲಿಯಾಗಿ ಕಳುಹಿಸಿದ ಮೇಲೆ ಕಟ್ಟಡ ಖಾಲಿಯಾಯಿತು. ಹೆಚ್ಚು ದಿನ ಕಳೆಯುವ ಮುನ್ನವೇ ಸೈನ್ಯ ಬಂತು.

ಕೊಂಡದ್ದು ಏನನ್ನು?

1942ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈನ್ಯ ಗ್ರೀನ್‌ಬ್ರಯರನ್ನು 33 ಲಕ್ಷ ಡಾಲರಿಗೆ ಕೊಂಡಿತು. ಬಾಡಿಗೆಯಲ್ಲ, ಕ್ರಯ. ಆ ವರ್ಷದ ಕೊನೆಯೊಳಗೆ ಅದು 2,000 ಹಾಸಿಗೆಗಳ ಸೇನಾ ಆಸ್ಪತ್ರೆಯಾಗಿ ರೋಗಿಗಳನ್ನು ತೆಗೆದುಕೊಳ್ಳತೊಡಗಿತ್ತು. ಕೆಲವೇ ತಿಂಗಳ ಕೆಲಸ. ಇಷ್ಟು ದೊಡ್ಡ ಆಸ್ಪತ್ರೆಯನ್ನು ಖಾಲಿ ಗದ್ದೆಯಲ್ಲಿ ಎಬ್ಬಿಸಲು ಎಷ್ಟು ಕಾಲ ಹಿಡಿಯುತ್ತದೆ ಎಂದು ನಮ್ಮ ಜಿಲ್ಲೆಯಲ್ಲಿ ಕಟ್ಟಡಗಳ ಶಂಕುಸ್ಥಾಪನೆಯ ಕಲ್ಲುಗಳನ್ನು ಓದುತ್ತಾ ಬೆಳೆದವರಿಗೆ ಹೇಳಬೇಕಾಗಿಲ್ಲ.

ಈ ಅವಸರ ಸಾಧ್ಯವಾದದ್ದು ಹೇಗೆ? ಮಕ್ಕಳಿಗೆ ಈ ಪ್ರಶ್ನೆ ಹಾಕಿದಾಗ ಬಂದ ಮೊದಲ ಉತ್ತರ "ಕೋಣೆಗಳು ಇದ್ದವಲ್ಲ" ಎಂಬುದು. ನಾನು ಹಲಗೆಯ ಮೇಲೆ ಒಂದು ಲೆಕ್ಕ ಬರೆದೆ. ಒಂದು ಹಾಸಿಗೆಗೆ ಎರಡು ಬೆಡ್‌ಶೀಟು, ಒಂದು ದಿಂಬಿನ ಚೀಲ, ಒಂದು ಟವೆಲು, ರೋಗಿಯ ಒಂದು ಉಡುಪು. ಒಟ್ಟು ಐದು. ದಿನ ಬಿಟ್ಟು ದಿನ ಬದಲಿಸಿದರೂ 2,000 ಹಾಸಿಗೆಗೆ ದಿನಕ್ಕೆ 5,000 ಬಟ್ಟೆ. ಶಸ್ತ್ರಚಿಕಿತ್ಸೆಯ ಕೋಣೆಯ ಬಟ್ಟೆ, ರಕ್ತ ಕೀವು ಹತ್ತಿ ಎರಡು ಸಲ ಒಗೆಯಬೇಕಾದ್ದು ಇದರಲ್ಲಿ ಸೇರಿಲ್ಲ. ಊಟ ದಿನಕ್ಕೆ 6,000, ಸಿಬ್ಬಂದಿಯದು ಬಿಟ್ಟು. ಬಿಸಿನೀರು ಇಪ್ಪತ್ತನಾಲ್ಕು ಗಂಟೆ. ಇಷ್ಟೂ ಕೊಳಕು ನೀರು ಹೋಗಲು ದಾರಿ.

ಕೋಣೆ ಎಲ್ಲಿ ಬೇಕಾದರೂ ಸಿಗುತ್ತದೆ, ಶಾಲೆಯಲ್ಲಿ, ಛತ್ರದಲ್ಲಿ, ಕಲ್ಯಾಣಮಂಟಪದಲ್ಲಿ. ನೂರಾರು ಜನಕ್ಕೆ ಮೂರು ಹೊತ್ತು ಬೇಯಿಸುವ ಅಡಿಗೆಮನೆ, ಬಟ್ಟೆಯ ರಾಶಿಯನ್ನು ಕುದಿಸಿ ಒಣಗಿಸುವ ಏರ್ಪಾಡು, ಬಾಯ್ಲರು, ಚರಂಡಿ, ಬಾಗಿಲಿಗೇ ಬರುವ ರೈಲು, ಇವೆಲ್ಲ ಒಂದೇ ಕಡೆ ಮೊದಲೇ ಕೂಡಿಬಂದಿರುವುದು ದೊಡ್ಡ ರೆಸಾರ್ಟಿನಲ್ಲಿ ಮಾತ್ರ. ಗ್ರೀನ್‌ಬ್ರಯರಿನಲ್ಲಿ ಇದರ ಮೇಲೆ ನೀರಿನ ಚಿಕಿತ್ಸೆಗೆಂದೇ ಕಟ್ಟಿದ ಸ್ನಾನಗೃಹಗಳೂ ಒಳಾಂಗಣದ ಈಜುಕೊಳವೂ ಇದ್ದವು. ಅತಿಥಿ ಕಾಣುವುದು ಕಂಬ, ದೀಪಗುಚ್ಛ, ಕಾರ್ಪೆಟ್. ಸೈನ್ಯ ದುಡ್ಡು ಕೊಟ್ಟದ್ದು ಅತಿಥಿ ಕಾಣದ ಭಾಗಕ್ಕೆ. ನನ್ನ ಮಾತಿನಲ್ಲಿ ಹೇಳುವುದಾದರೆ ಹೋಟೆಲು ಆಸ್ಪತ್ರೆಯಾಗುವುದು ಬಚ್ಚಲಿನಿಂದ.

ಅಡಿಗೆಮನೆಯ ವಿಷಯದಲ್ಲಿ ಒಂದು ಅಡ್ಡಮಾತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ರಾಜರ ವಿಲಾಸಗೃಹವನ್ನೇ 1914ರ ಡಿಸೆಂಬರಿನಲ್ಲಿ ಆಸ್ಪತ್ರೆ ಮಾಡಿದರು. ಹೋಟೆಲಲ್ಲ, ಅರಮನೆ. ಆದರೆ ತೊಡಕು ಒಂದೇ. ಅಲ್ಲಿ ಒಂಬತ್ತು ಅಡಿಗೆಮನೆಗಳನ್ನು ಹೂಡಬೇಕಾಯಿತು, ಜಾತಿಮತಗಳ ಮಡಿಗೆ ತಕ್ಕಂತೆ. ಪ್ರತಿ ವಾರ್ಡಿನಲ್ಲಿ ಹಿಂದೂಗಳಿಗೆ ಒಂದು, ಮುಸಲ್ಮಾನರಿಗೆ ಒಂದು ಎಂದು ಎರಡು ನಲ್ಲಿ. ಅದೇ ಯುದ್ಧದಲ್ಲಿ ಮುಂಬಯಿಯ ತಾಜ್ ಹೋಟೆಲು ಕೂಡ 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. ಕೋವಿಡ್ ಕಾಲದಲ್ಲಿ ನಮ್ಮ ಅಡಿಗೆ ಭಟ್ಟರು ಇಪ್ಪತ್ತೆಂಟು ಕೋಣೆಗೆ ಐದು ಬಗೆಯ ಪಥ್ಯ ಮಾಡಿ ದಣಿದು, "ಮದುವೆ ಊಟ ಮಾಡಿಸಿ, ಸಾವಿರ ಎಲೆ ಹಾಕುತ್ತೇನೆ. ಈ ಗಂಜಿ ಸಹವಾಸ ಬೇಡ" ಎಂದದ್ದು ನೆನಪಾಗುತ್ತದೆ. ಸಾವಿರ ಜನಕ್ಕೆ ಒಂದೇ ಅಡಿಗೆ ಮಾಡುವುದಕ್ಕಿಂತ ನೂರು ಜನಕ್ಕೆ ಹತ್ತು ಅಡಿಗೆ ಮಾಡುವುದು ಕಷ್ಟ. ಹೋಟೆಲಿನ ಅಡಿಗೆಯವರಿಗೆ ಈ ವಿದ್ಯೆ ಗೊತ್ತು, ಮದುವೆ ಅಡಿಗೆಯವರಿಗೆ ಗೊತ್ತಿಲ್ಲ.

ಹೆಸರು ಮತ್ತು ಕೊಕ್ಕೆಹುಳು

ಸೈನ್ಯ ತನ್ನ ದೊಡ್ಡ ಆಸ್ಪತ್ರೆಗಳಿಗೆ ತೀರಿಹೋದ ಸೇನಾ ವೈದ್ಯರ ಹೆಸರಿಡುತ್ತಿತ್ತು. ಗ್ರೀನ್‌ಬ್ರಯರಿಗೆ ಆಶ್‌ಫರ್ಡ್ ಜನರಲ್ ಹಾಸ್ಪಿಟಲ್ ಎಂದು ಹೆಸರಾಯಿತು. ಬೈಲಿ ಆಶ್‌ಫರ್ಡ್ ಯಾರೆಂದು ಹುಡುಕಿದಾಗ ನನಗೆ ನಮ್ಮ ಅಡಿಕೆ ತೋಟಗಳೇ ಕಣ್ಣ ಮುಂದೆ ಬಂದವು.

1899ರಲ್ಲಿ ಪೋರ್ಟೊರಿಕೋ ದ್ವೀಪಕ್ಕೆ ಭಾರಿ ಚಂಡಮಾರುತ ಬಡಿಯಿತು. ನಿರಾಶ್ರಿತರ ಶಿಬಿರ ನೋಡಿಕೊಳ್ಳುತ್ತಿದ್ದ ತರುಣ ಸೇನಾ ವೈದ್ಯ ಆಶ್‌ಫರ್ಡ್ ಎದುರಿಗೆ ಬಿಳಚಿಕೊಂಡ, ಉಬ್ಬಿದ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಜನ ಬಂದು ನಿಂತರು. ಕಾಫಿ ತೋಟಗಳ ಕೂಲಿಗಳು. ತಿನ್ನಲಿಲ್ಲದೆ ಹೀಗಾಗಿದೆ ಎಂದು ಎಲ್ಲರೂ ತಿಳಿದಿದ್ದರು. ಹೊಟ್ಟೆ ತುಂಬ ಊಟ ಹಾಕಿದರೂ ರಕ್ತ ಏರದಿದ್ದಾಗ ಅವರು ಮಲವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕೊಕ್ಕೆಹುಳುವಿನ ಮೊಟ್ಟೆಗಳು. ನೆರಳಿನ ತೇವದ ಮಣ್ಣು, ಬಯಲು ಶೌಚ, ಬರಿಗಾಲು, ಇಷ್ಟಿದ್ದರೆ ಆ ಹುಳುವಿಗೆ ಸ್ವರ್ಗ. ಮರಿ ಪಾದದ ಚರ್ಮ ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆಗಿನ ಮದ್ದು ಥೈಮಾಲ್, ನಮ್ಮ ಓಮದ ಕಾಳಿಗೆ ಆ ಘಾಟು ಕೊಡುವ ವಸ್ತು. ಮುಂದಿನ ವರ್ಷಗಳಲ್ಲಿ ಅಲ್ಲಿ ಲಕ್ಷಗಟ್ಟಲೆ ಜನರಿಗೆ ಚಿಕಿತ್ಸೆಯಾಯಿತು.

ಮಲೆನಾಡಿನಲ್ಲಿ ಬರಿಗಾಲಲ್ಲಿ ತೋಟದ ಕೆಸರು ತುಳಿದ ತಲೆಮಾರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರಿಗಾಲ ಕೂಲಿಗಳ ರೋಗಕ್ಕೆ ಮೂಲ ಹುಡುಕಿದ ವೈದ್ಯನ ಹೆಸರು ಕೋಟ್ಯಧೀಶರ ಹೋಟೆಲಿಗೆ ಬಂದದ್ದು ನನಗಂತೂ ಮೆಚ್ಚುಗೆಯಾದ ಸಂಗತಿ, ಅದು ನಾಲ್ಕೇ ವರ್ಷ ಉಳಿದಿದ್ದರೂ.

ಕಾಯುವವರ ಆಸ್ಪತ್ರೆ

ಈಗ ಪ್ರಕರಣದ ತಿರುಳು. ಯುದ್ಧದ ಆಸ್ಪತ್ರೆ ಎಂದೊಡನೆ ಕಣ್ಣಿಗೆ ಬರುವುದು ಧಾವಂತ, ರಕ್ತ, ಕಿರುಚಾಟ. ಆಶ್‌ಫರ್ಡ್ ಅಂಥದ್ದಲ್ಲ. ರಣರಂಗದ ಹತ್ತಿರ ಜೀವ ಉಳಿಸಿಕೊಂಡು, ಹಡಗಿನಲ್ಲಿ ಸಾಗರ ದಾಟಿ ಬಂದ ಗಾಯಾಳುಗಳು ಇಲ್ಲಿಗೆ ಬರುತ್ತಿದ್ದರು. ರಕ್ತನಾಳಗಳ ಗಾಯಕ್ಕೆಂದು ಸೈನ್ಯ ದೇಶದಲ್ಲಿ ಮೂರು ಕೇಂದ್ರಗಳನ್ನು ಗುರುತಿಸಿತ್ತು, ಅವುಗಳಲ್ಲಿ ಇದೊಂದು. ನರಗಳ ಶಸ್ತ್ರಚಿಕಿತ್ಸೆಯೂ ಇಲ್ಲಿ ನಡೆಯುತ್ತಿತ್ತು. ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾಗಿದ್ದವರು ಎಮೊರಿ ವಿಶ್ವವಿದ್ಯಾಲಯದಿಂದ ಬಂದ ಡೇನಿಯಲ್ ಎಲ್ಕಿನ್.

ಒಂದು ಬಗೆಯ ಗಾಯವನ್ನು ಹತ್ತಿರದಿಂದ ನೋಡೋಣ. ತೊಡೆಯಲ್ಲಿ ಹೃದಯದಿಂದ ರಕ್ತ ತರುವ ಅಪಧಮನಿಯೂ ಅದನ್ನು ಮರಳಿ ಒಯ್ಯುವ ಅಭಿಧಮನಿಯೂ ಒಂದಕ್ಕೊಂದು ಅಂಟಿಕೊಂಡಂತೆ ಹರಿಯುತ್ತವೆ. ಬಾಂಬಿನ ಒಂದು ಚೂರು ಎರಡನ್ನೂ ಸೀಳಿಕೊಂಡು ಹೋಗಿದೆ. ಹೊರಗಿನ ಗಾಯ ಮಾಯ್ದಿದೆ, ಒಳಗೆ ಎರಡು ನಾಳಗಳ ನಡುವೆ ಕಿಂಡಿ ಉಳಿದಿದೆ. ಹೃದಯದಿಂದ ಒತ್ತಡದಲ್ಲಿ ಬಂದ ರಕ್ತ ಕಾಲಿಗೆ ಇಳಿಯುವ ಬದಲು ಕಿಂಡಿಯಲ್ಲಿ ನುಗ್ಗಿ ಹೃದಯಕ್ಕೇ ಮರಳುತ್ತದೆ. ಆ ಜಾಗದ ಮೇಲೆ ಅಂಗೈ ಇಟ್ಟರೆ ಬಿಡುವಿಲ್ಲದ ನಡುಕ ತಿಳಿಯುತ್ತದೆ, ಜೇನಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟ ಹಾಗೆ. ಸೈನಿಕನಿಗೆ ನೋವು ಹೆಚ್ಚಿಲ್ಲ, ಓಡಾಡುತ್ತಾನೆ. ಆದರೆ ವರ್ಷಗಳು ಕಳೆದಂತೆ ಹೃದಯ ದಣಿಯುತ್ತದೆ.

ಇಂದಾದರೆ ನಾಳವನ್ನೇ ಹೊಲಿದು ಸರಿಪಡಿಸುತ್ತಾರೆ. ಅಂದು ಬಹುಪಾಲು ಮಾಡುತ್ತಿದ್ದದ್ದು ಎರಡೂ ನಾಳಗಳನ್ನು ಕಟ್ಟಿ, ಕೆಟ್ಟ ಭಾಗವನ್ನು ತೆಗೆದುಹಾಕುವುದು. ಮುಖ್ಯ ನಾಳ ಕಟ್ಟಿದರೆ ಕಾಲಿಗೆ ರಕ್ತ ಎಲ್ಲಿಂದ? ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ಆ ಕೆಲಸವನ್ನು ವಹಿಸಿಕೊಳ್ಳಬೇಕು. ತೋಟದ ದೊಡ್ಡ ಕಾಲುವೆಗೆ ಕಟ್ಟ ಹಾಕುವ ಮುಂಚೆ ಪಕ್ಕದ ಸಣ್ಣ ಕಾಲುವೆಗಳನ್ನು ಬಿಡಿಸಿ ನೀರು ಹರಿಯುವುದನ್ನು ನೋಡಿಕೊಳ್ಳುತ್ತೇವಲ್ಲ, ಅದೇ ಕ್ರಮ. ದೇಹ ಆ ಕಾಲುವೆಗಳನ್ನು ತಾನೇ ತೋಡಿಕೊಳ್ಳಲು ತಿಂಗಳುಗಳು ಬೇಕು. ಅವಸರ ಮಾಡಿದರೆ ಕಾಲು ಕಪ್ಪಾಗಿ ಕತ್ತರಿಸಬೇಕಾಗುತ್ತದೆ. ನರದ ಗಾಯವೂ ಹಾಗೆಯೇ. ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಲ್ಲಿ ಹೊಲಿದದ್ದು ಬೆರಳಿಗೆ ತಲುಪಲು ಹೆಚ್ಚುಕಡಿಮೆ ಒಂದು ವರ್ಷ.

ಅಂದರೆ ಈ ರೋಗಿಗಳ ಚಿಕಿತ್ಸೆಯ ಬಹುಭಾಗ ಕಾಯುವುದು. ಮಂಚದ ಮೇಲೆ ಮಲಗಿ ಸೂರು ನೋಡುತ್ತಾ ಕಾಯುವುದಲ್ಲ, ನಡೆದಾಡುತ್ತಾ, ಚೆನ್ನಾಗಿ ಉಣ್ಣುತ್ತಾ, ಮನಸ್ಸು ಕೆಡದಂತೆ ಕಾಯುವುದು. ಇಪ್ಪತ್ತೆರಡರ ಹುಡುಗರು ಅವರು. ಗಾಲ್ಫ್ ಮೈದಾನ, ಈಜುಕೊಳ, ಬೆಟ್ಟದ ಕಾಲುದಾರಿ, ಎಲ್ಲವೂ ಅವರಿಗೆ ತೆರೆದಿತ್ತು. ಮೊದಲು ಇದನ್ನು ಓದಿದಾಗ ಸೈನಿಕರಿಗೆ ಸಿಕ್ಕ ಬಹುಮಾನ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಗಾಲ್ಫ್ ಮೈದಾನವೂ ಅಲ್ಲಿ ಒಂದು ವಾರ್ಡೇ ಆಗಿತ್ತು.

ಅಂಕಿಗಳೂ ಇದನ್ನೇ ಹೇಳುತ್ತವೆ. 1942ರಿಂದ 1946ರ ಜೂನ್‌ವರೆಗೆ ಆಶ್‌ಫರ್ಡ್‌ನಲ್ಲಿ ದಾಖಲಾದವರು 24,148 ಸೈನಿಕರು, ನಮ್ಮ ತೀರ್ಥಹಳ್ಳಿ ಪಟ್ಟಣದ ಜನಸಂಖ್ಯೆಗಿಂತ ಹೆಚ್ಚು. ನಡೆದ ಶಸ್ತ್ರಚಿಕಿತ್ಸೆ 11,346. ಇಬ್ಬರು ರೋಗಿಗಳಿಗೆ ಒಂದು ಶಸ್ತ್ರಚಿಕಿತ್ಸೆಯೂ ಬೀಳುವುದಿಲ್ಲ. ಇನ್ನೊಂದು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ: 2,000 ಹಾಸಿಗೆಗಳೂ ಸದಾ ತುಂಬಿದ್ದವು ಎಂದು ಹಿಡಿದರೆ ಒಬ್ಬೊಬ್ಬರಿಗೆ ಸರಾಸರಿ ಮೂರೂವರೆ ತಿಂಗಳು ಬರುತ್ತದೆ. ಇದು ಗರಿಷ್ಠ ಲೆಕ್ಕ, ಹಾಸಿಗೆ ಖಾಲಿಯಿದ್ದ ದಿನಗಳನ್ನು ಕಳೆದರೆ ಇಳಿಯುತ್ತದೆ. ಆದರೂ ಸಾಧಾರಣ ಆಸ್ಪತ್ರೆಯ ಲೆಕ್ಕವಂತೂ ಅಲ್ಲ, ರೆಸಾರ್ಟಿನ ಹಳೆಯ ಕಾಲದ ಬೇಸಿಗೆ ಅತಿಥಿಗಳ ಲೆಕ್ಕ.

ನಮ್ಮ ಲಾಡ್ಜಿನಲ್ಲಿ ಎಡವಿದ್ದು ಇಲ್ಲೇ ಎಂದು ಆಮೇಲೆ ಹೊಳೆಯಿತು. ಸೌಮ್ಯ ಲಕ್ಷಣದವರು, ಹತ್ತು ದಿನ ಕಾಯುವವರು ಮಾತ್ರ ಬರಬೇಕು ಎಂದಿತ್ತು. ಅಂಥವರಿಗೆ ನಮ್ಮ ಜಾಗ ಹೇಳಿ ಮಾಡಿಸಿದಂತಿತ್ತು. ಜಗಲಿ ಇತ್ತು, ಮಾವಿನ ಮರವಿತ್ತು. ಬೇರೆಲ್ಲೂ ಹಾಸಿಗೆ ಸಿಗದ ವಾರದಲ್ಲಿ ಕಾಯಲಾಗದವರನ್ನೂ ನಮ್ಮಲ್ಲಿಗೆ ಕಳುಹಿಸಿದರು. ಕಳುಹಿಸಿದವರಿಗೂ ಬೇರೆ ದಾರಿ ಇರಲಿಲ್ಲ. ಆಗ ಲಿಫ್ಟು ಸಣ್ಣದಾಯಿತು.

ಆಶ್‌ಫರ್ಡ್‌ನ ಕೆಲಸಕ್ಕೆ ಆಳು ಎಲ್ಲಿಂದ ಬಂದರು ಎಂಬುದೂ ಕೇಳತಕ್ಕ ಪ್ರಶ್ನೆ. ಊರಿನ ಗಂಡಸರು ಯುದ್ಧಕ್ಕೆ ಹೋಗಿದ್ದರು. ಹತ್ತಿರದಲ್ಲೇ ಯುದ್ಧಕೈದಿಗಳ ಶಿಬಿರವಿತ್ತು, ಅಲ್ಲಿನ ಜರ್ಮನರೂ ಇಟಲಿಯವರೂ ಆಸ್ಪತ್ರೆಯ ತೋಟ, ಮೈದಾನ, ಅಡಿಗೆಮನೆಗಳಲ್ಲಿ ದುಡಿದರು. 1942ರಲ್ಲಿ ಜರ್ಮನ್ ರಾಯಭಾರಿಗಳಿಗೆ ಬಡಿಸಿದ ಕಟ್ಟಡದಲ್ಲೇ ಜರ್ಮನ್ ಸೈನಿಕರು ಅಮೆರಿಕದ ಗಾಯಾಳುಗಳ ತಟ್ಟೆ ತೊಳೆದರು. 1945ರ ಕೊನೆಯಲ್ಲಿ ಆ ಗಾಯಾಳುಗಳ ದಂಡನಾಯಕ ಐಸೆನ್‌ಹೋವರ್ ಕೂಡ ಶ್ವಾಸಕೋಶದ ಉರಿಯೂತದಿಂದ ಅಲ್ಲಿ ರೋಗಿಯಾಗಿದ್ದರು.

ಮರಳಿ ಹೋಟೆಲು

ಆಸ್ಪತ್ರೆ ಮಾಡುವುದು ಅರ್ಧ ಕೆಲಸ. ಬಿಡಿಸಿಕೊಳ್ಳುವುದು ಇನ್ನರ್ಧ, ಮಾಲೀಕನ ಪಾಲಿಗೆ ಅದೇ ಕಷ್ಟದ್ದು. 1946ರಲ್ಲಿ ಆಸ್ಪತ್ರೆ ಮುಚ್ಚಿದಾಗ ರೈಲ್ವೆ ಕಂಪನಿ ತನ್ನ ಹೋಟೆಲನ್ನು ಸರಕಾರದಿಂದ ಮರಳಿ ಪಡೆಯಿತು. ಸಿಕ್ಕಿದ್ದು ಚಿಪ್ಪು ಮಾತ್ರ. ಒಳಾಂಗಣಕ್ಕೆ ಡೊರೊಥಿ ಡ್ರೇಪರ್ ಎಂಬ ವಿನ್ಯಾಸಕಾರ್ತಿಯನ್ನು ಕರೆಸಿದರು. ಆಕೆ ಆಸ್ಪತ್ರೆಯ ಬಣ್ಣದ ನೆರಳೂ ಉಳಿಯದಂತೆ ಗುಲಾಬಿ, ಗಿಳಿಹಸಿರು, ಕಪ್ಪುಬಿಳುಪು ಚೌಕ, ಅಂಗೈಗಿಂತ ದೊಡ್ಡ ಹೂಗಳನ್ನು ಗೋಡೆಗೋಡೆಗೆ ಹರಡಿದರು. ಬಳಸಿದ ಕಾರ್ಪೆಟ್ 30 ಮೈಲಿ ಉದ್ದದ್ದು. ಶಿವಮೊಗ್ಗದಿಂದ ಹಾಸಿಕೊಂಡು ಹೊರಟರೆ ಮಂಡಗದ್ದೆ ದಾಟಿ ತೀರ್ಥಹಳ್ಳಿಯ ಹತ್ತಿರಕ್ಕೆ ಬರುತ್ತದೆ. 1948ರ ವಸಂತದಲ್ಲಿ ಹೋಟೆಲು ಮತ್ತೆ ತೆರೆಯಿತು. ಇಂಗ್ಲೆಂಡಿನ ಸಿಂಹಾಸನ ಬಿಟ್ಟ ವಿಂಡ್ಸರಿನ ಡ್ಯೂಕ್ ಸಹ ಔತಣಕ್ಕೆ ಬಂದಿದ್ದರು.

ಇದಕ್ಕೆ ಎದುರು ಉದಾಹರಣೆ ಫ್ಲಾರಿಡಾದ ಕೋರಲ್ ಗೇಬಲ್ಸ್ ಊರಿನ ಬಿಲ್ಟ್‌ಮೋರ್. 1926ರ ಭವ್ಯ ಹೋಟೆಲು, ಅದೇ 1942ರಲ್ಲಿ ಸೈನ್ಯದ ಆಸ್ಪತ್ರೆಯಾಯಿತು. ಕಿಟಕಿಗಳಿಗೆ ಕಾಂಕ್ರೀಟು ತುಂಬಿದರು, ಕಲ್ಲಿನ ನೆಲದ ಮೇಲೆ ಲಿನೋಲಿಯಂ ಅಂಟಿಸಿದರು. ಯುದ್ಧ ಮುಗಿದರೂ ಅದು ನಿವೃತ್ತ ಸೈನಿಕರ ಆಸ್ಪತ್ರೆಯಾಗಿ 1968ರವರೆಗೆ ನಡೆಯಿತು. ಆಮೇಲೆ ವರ್ಷಗಟ್ಟಲೆ ಖಾಲಿ. ಮತ್ತೆ ಹೋಟೆಲಾಗಿ ಬಾಗಿಲು ತೆರೆದದ್ದು 1987ರಲ್ಲಿ. ಗ್ರೀನ್‌ಬ್ರಯರಿನ ಹಿಂದೆ ಅದನ್ನು ಬೇಕೇಬೇಕು ಎನ್ನುವ, ಕೈಯಲ್ಲಿ ಹಣವಿರುವ ಮಾಲೀಕನೊಬ್ಬ ಕಾದಿದ್ದ ಎಂಬುದನ್ನು ಮರೆತು ಆ ಕಥೆಯನ್ನು ಹೇಳಬಾರದು.

ಆಸ್ಪತ್ರೆ ಗ್ರೀನ್‌ಬ್ರಯರನ್ನು ಪೂರ್ತಿ ಬಿಟ್ಟುಹೋಗಲೂ ಇಲ್ಲ. 1948ರಲ್ಲೇ ಅಲ್ಲಿ ಒಂದು ಕ್ಲಿನಿಕ್ ಶುರುವಾಯಿತು. ದೊಡ್ಡ ಕಂಪನಿಗಳ ಅಧಿಕಾರಿಗಳು ಬಂದು, ಎರಡು ಮೂರು ದಿನ ತಂಗಿ, ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿಸಿಕೊಂಡು ಹೋಗುವ ಏರ್ಪಾಡು. ಗಂಧಕದ ನೀರಿನ ಕಾಲಕ್ಕೇ ಒಂದು ಸುತ್ತು ಹಾಕಿ ಬಂದಂತಾಯಿತು.

ಸರಕಾರಕ್ಕೂ ಈ ಕಟ್ಟಡದ ಋಣ ತೀರಲಿಲ್ಲ. 1958ರಲ್ಲಿ ಹೋಟೆಲಿಗೆ ಹೊಸ ಭಾಗ ಕಟ್ಟುವ ನೆವದಲ್ಲಿ ಅದರ ಅಡಿಯಲ್ಲಿ ಅಣುಯುದ್ಧ ಬಂದರೆ ಅಮೆರಿಕದ ಸಂಸತ್ತನ್ನು ಇರಿಸಲು ಗುಪ್ತ ನೆಲಮನೆ ತೋಡತೊಡಗಿದರು. ಅಂದು ರೋಗಿಯಾಗಿ ಮಲಗಿದ್ದ ಐಸೆನ್‌ಹೋವರ್ ಆಗ ರಾಷ್ಟ್ರಾಧ್ಯಕ್ಷರು. 25 ಟನ್ ತೂಕದ ಬಾಗಿಲು, 1,100 ಮಲಗುವ ಮಂಚ, ಅಲ್ಲೂ ಒಂದು ಪುಟ್ಟ ಆಸ್ಪತ್ರೆ. ನೋಡಿಕೊಳ್ಳುವವರು ಟಿ.ವಿ. ರಿಪೇರಿಯವರ ವೇಷದಲ್ಲಿದ್ದರು. ಮೂವತ್ತು ವರ್ಷ ಗುಟ್ಟು ಹೊರಬೀಳಲಿಲ್ಲ. 1992ರ ಮೇ 31ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬಯಲು ಮಾಡಿತು. ತರಗತಿಯಲ್ಲಿ ಮಕ್ಕಳು ಕಣ್ಣರಳಿಸಿದ್ದು ಇದೊಂದಕ್ಕೆ. ಬೆಡ್‌ಶೀಟಿನ ಲೆಕ್ಕಕ್ಕೆ ಆಕಳಿಸಿದವರೆಲ್ಲ ಎದ್ದು ಕೂತರು. ಏನು ಮಾಡುವುದು, ನೆಲಮನೆ ಸಿನಿಮಾದ ಸರಕು, ಲಾಂಡ್ರಿ ಅಲ್ಲ.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಒಂದು ಪ್ರಶ್ನೆ ಕೇಳಿದಳು: "ಸರ್, ನಮ್ಮ ಜಿಲ್ಲೆಯಲ್ಲಿ ಅಂಥ ಸಂದರ್ಭ ಮತ್ತೆ ಬಂದರೆ ಯಾವ ಹೋಟೆಲು ಆಗಬಹುದು?" ನಾನು ಮನಸ್ಸಿನಲ್ಲೇ ಶಿವಮೊಗ್ಗದಿಂದ ಆಗುಂಬೆಯವರೆಗೆ, ಸಾಗರದಿಂದ ಜೋಗದವರೆಗೆ ಒಂದು ಸುತ್ತು ಹಾಕಿದೆ. ನೋಟ ಚೆನ್ನಾಗಿರುವವು ಬಹಳ. ಬಟ್ಟೆಯನ್ನು ತಾವೇ ಒಗೆದು ಮಳೆಗಾಲದಲ್ಲಿ ಒಣಗಿಸಬಲ್ಲವು ಎಷ್ಟು ಎಂದು ಎಣಿಸಲು ಹೊರಟರೆ ಒಂದು ಕೈಯ ಬೆರಳುಗಳೂ ತುಂಬಲಿಲ್ಲ. ಪಟ್ಟಿ ಮಾಡಿಕೊಂಡು ಬಾ ಎಂದು ಆ ಕೆಲಸವನ್ನು ಅವಳಿಗೇ ಒಪ್ಪಿಸಿದೆ.

ಅದಾದ ತಿಂಗಳಿಗೆ ಆಗುಂಬೆಯ ದಾರಿಯಲ್ಲಿ ಹೊಸ ರೆಸಾರ್ಟು ಕಟ್ಟಿಸುತ್ತಿರುವ ಪರಿಚಿತರೊಬ್ಬರು ನಕ್ಷೆ ಹಿಡಿದು ಬಂದರು. ನಲವತ್ತು ಕುಟೀರ, ಕಣಿವೆಯ ಅಂಚಿಗೆ ತೂಗುವಂಥ ಈಜುಕೊಳ, ಧ್ಯಾನಮಂದಿರ. ನಾನು ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದೆ.

"ಬಟ್ಟೆ ಒಗೆಯುವ ಜಾಗ ಎಲ್ಲಿದೆ?"

"ಅದಕ್ಕೆ ಜಾಗ ಏಕೆ ಕೆಡಿಸುವುದು ಮಾರಾಯರೇ, ಶಿವಮೊಗ್ಗಕ್ಕೆ ಕಳುಹಿಸಿದರಾಯಿತು" ಎಂದರು ಅವರು. ಆಮೇಲೆ ಈಜುಕೊಳದ ಟೈಲಿನ ಬಣ್ಣ ತೋರಿಸಿದರು.